ಏಳನೆಯ ಮೆಟ್ಟಿಲು

ಕಳೆದ ಬೇಸಿಗೆಯಲ್ಲಿ ಸೇಡಮಿನ ನಮ್ಮ ಮನೆಯ ಪಡಸಾಲೆಯು ಮೂರು ತಿಂಗಳ ಪರ್ಯಂತ ಬಡಿಗನ ಅಂಗಡಿಯಾಗಿ ಪರಿಣಮಿಸಿತ್ತು. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಆ ಕೆಲಸದಿಂದ ಕೆಲಕಾಲ ಬಿಡುವು ಪಡೆದು, ತನ್ನ ಕೈಯಿಂದಲೇ ಒಂದು ಗಿಟಾರನ್ನು ಮಾಡಬೇಕೆಂಬ ಹಂಬಲವನ್ನು ಹೊತ್ತುಕೊಂಡು ನಮ್ಮಲ್ಲಿಗೆ ಬಂದನು. ಅದಕ್ಕೆ ಮೊದಲು ಅವನು ಒಂದು ಮಣೆಯನ್ನಾದರೂ ಮಾಡಿದವನಲ್ಲ. ಅವನ ತಾಯಿಯು ದೂರವಾಣಿಯಲ್ಲಿ, "ಅಣ್ಣಾ, ನಿನ್ನ ಮಾತಾದರೂ ಕೇಳ್ಯಾನು, ನಾಲ್ಕು ಬುದ್ಧಿಮಾತು ಹೇಳು" ಎಂದು ಬೇಡಿಕೊಂಡಳು. ಮೂವತ್ತನಾಲ್ಕು ವರ್ಷ ಕಂಡವರ ಮಕ್ಕಳಿಗೆ ಬುದ್ಧಿ ಹೇಳಿ ಹೇಳಿ ದಣಿದಿದ್ದ ನಾನು ಈ ಒಬ್ಬನಿಗೆ ಹೇಳುವದನ್ನು ಬಿಟ್ಟುಕೊಟ್ಟೆನು. ಆ ವಾದ್ಯವು ಮುಗಿಯುವ ಹೊತ್ತಿಗೆ ನನ್ನದೇ ಹಳೆಯ ಲೆಕ್ಕವೊಂದು ಹೊರಬೀಳುವದೆಂದು ಆಗ ನನಗೆ ತಿಳಿದಿರಲಿಲ್ಲ.

ಗಿಟಾರು ನಮ್ಮ ವಾದ್ಯವಲ್ಲವೆಂದು ಕೆಲವು ವಾಚಕರು ಇಲ್ಲಿಯೇ ಪುಟ ತಿರುವಬಹುದು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಟೊಳ್ಳಾದ ಒಡಲು, ನೀಳವಾದ ದಂಡಿ, ಅದರ ಮೇಲೆ ಮೆಟ್ಟಿಲುಗಳು, ಒಂದು ತುದಿಗೆ ಬಿರಡೆ, ಇನ್ನೊಂದು ಕಡೆಗೆ ಕುದುರೆ, ನಡುವೆ ಬಿಗಿದ ತಂತಿ. ವೀಣೆಯ ಪರಿಭಾಷೆಯಲ್ಲಿ ಹೆಸರಿಡಲಾಗದ ಅಂಗವು ಅದರಲ್ಲಿ ಒಂದೂ ಇಲ್ಲ. ಪಿಟೀಲು ಪರದೇಶದಿಂದ ಬಂದು ನಮ್ಮ ಕಚೇರಿಗಳಲ್ಲಿ ಮಡಿಯುಟ್ಟು ಕುಳಿತು ಸುಮಾರು ಇನ್ನೂರು ವರ್ಷಗಳಾದವು. ಅದನ್ನು ಈಗ ಯಾರೂ ಹೊರಗಿನದೆನ್ನುವದಿಲ್ಲ. ಅಸ್ತು.

ನಮ್ಮ ಹಳೆಯ ಮನೆಯ ಹಿತ್ತಲ ಭಾಗವನ್ನು ಇಳಿಸಿದಾಗ ಉಳಿದಿದ್ದ ಒಂದು ಸಾಗವಾನಿ ತೊಲೆಯು ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನು ನನ್ನ ತಂದೆಯವರು ಚಿಂಚೋಳಿಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ತರಿಸಿದ್ದರಂತೆ. ಅದನ್ನು ಸೀಳಿಸಿ ಹಿಂಬದಿಗೂ ಬದಿಗಳಿಗೂ ತೆಳುವಾದ ಹಲಗೆಗಳನ್ನು ತೆಗೆದದ್ದಾಯಿತು. ಮೇಲ್ಹಲಗೆಗೆ ಮಾತ್ರ ಸ್ಪ್ರೂಸ್ ಎಂಬ ಶೀತದೇಶದ ಮರವನ್ನು ಅಂಚೆಯ ಮೂಲಕ ತರಿಸಿದನು. ಈ ಮೇಲ್ಹಲಗೆಯ ದಪ್ಪವು ಎರಡೂವರೆ ಮಿಲಿಮೀಟರು ಮಾತ್ರ. ಆರು ನೈಲಾನ್ ತಂತಿಗಳನ್ನು ಏರಿಸಿದ ಮೇಲೆ ಅದರ ಮೇಲಿನ ಸೆಳೆತವು ಹೆಚ್ಚು ಕಡಿಮೆ ೪೦ ಕಿಲೋ ತೂಕದಷ್ಟು. ತೀರ ದಪ್ಪವಾದರೆ ದನಿ ಹೊರಡುವದಿಲ್ಲ, ತೀರ ತೆಳುವಾದರೆ ಹಲಗೆಯೇ ಬಾಗಿ ಕುಸಿಯುವದು. ಆದಕಾರಣ ಒಳಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನು ಅಂಟಿಸುವರು. ಅಂಟಿಸಿದ ಮೇಲೆ ಮೇಲಿನಿಂದ ಭಾರ ಹೇರಬೇಕು, ಕೆಳಗೆ ಸಮತಲವಾದ ಪೀಠ ಬೇಕು. ಈ ಎರಡಕ್ಕೂ ನಮ್ಮ ಭಾಗದಲ್ಲಿ ಪರದಾಡಬೇಕಾಗಿಲ್ಲ. ಅಡಿಗೆ ಒಂದು ಶಹಾಬಾದಿ ಫರಸಿ, ಮೇಲೆ ನಾಲ್ಕು ಫರಸಿಯ ತುಂಡು. ಪದರು ಪದರಾಗಿ ನೆಲದಲ್ಲಿಯೇ ಸಪಾಟಾಗಿ ಹುಟ್ಟಿದ ಆ ಕಲ್ಲಿನ ಮೇಲೆ ಊಟ ಮಾಡಿದ್ದೇವೆ, ಓದಿದ್ದೇವೆ, ಬೇಸಿಗೆಯ ಮಧ್ಯಾಹ್ನ ಬೆನ್ನು ತಂಪು ಮಾಡಿಕೊಂಡಿದ್ದೇವೆ. ಒಂದು ವಾದ್ಯವು ಅದರ ಮೇಲೆ ಜನ್ಮ ತಾಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬದಿಯ ಹಲಗೆಗಳನ್ನು ಬಾಗಿಸುವದು ಎಲ್ಲಕ್ಕಿಂತ ಕಷ್ಟದ ಕೆಲಸ. ಎರಡು ಮಿಲಿಮೀಟರಿನ ಪಟ್ಟಿಯನ್ನು ನೀರಿನಲ್ಲಿ ತೋಯಿಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಸೊಂಟದ ಆಕಾರಕ್ಕೆ ತರಬೇಕು. ಮೊದಲನೆಯದು ಮುರಿಯಿತು. ಎರಡನೆಯದೂ ಮುರಿಯಿತು. ಆ ದಿನ ಚಿತ್ತಾಪುರದಿಂದ ನಮ್ಮ ಮನೆಯ ಬಾಗಿಲುಗಳನ್ನು ಸರಿಪಡಿಸಲು ಬಂದಿದ್ದ ವೃದ್ಧ ಬಡಿಗನು ಆ ತುಂಡುಗಳನ್ನು ಕೈಯಲ್ಲಿ ತಿರುವಿ ನೋಡಿ ನನಗೆ ಹೇಳಿದನು: "ಮಾಸ್ತರ್ರೇ, ಈ ತೊಲಿ ನಿಮ್ಮ ಅಪ್ಪಾರು ಏರಿಸಿದ್ದು. ಹೊಸಬರು ಕೈ ಹಚ್ಚಿದ್ರ ಕಟ್ಟಿಗಿ ಕೆಡತದ. ಕೆಟ್ಟ ಕಟ್ಟಿಗಿ ತಿರುಗಿ ಗಿಡ ಆಗಂಗಿಲ್ರೀ."

ಈ ಆಕ್ಷೇಪವು ಸಾಮಾನ್ಯವಾದದ್ದಲ್ಲ. ಕಲಿಯುವವನು ಯಾವದರ ಮೇಲೆ ಕಲಿಯುವನೋ ಅದು ಅವನ ಕಲಿಕೆಯಲ್ಲಿ ವೆಚ್ಚವಾಗಿ ಹೋಗುವದು. ಹೊಸ ವೈದ್ಯನಿಗೆ ಮೊದಲನೆಯ ರೋಗಿ, ಹೊಸ ಮಾಸ್ತರನಿಗೆ ಮೊದಲನೆಯ ವರ್ಗ, ಹೊಸ ಸೊಸೆಗೆ ಮೊದಲನೆಯ ಹೋಳಿಗೆ. ಹೋಳಿಗೆಯನ್ನು ನಕ್ಕು ತಿನ್ನಬಹುದು, ಉಳಿದವು ನಗುವ ಮಾತಲ್ಲ. ಇನ್ನೊಬ್ಬರಿಗೆ ಸೇರಿದ, ಮರಳಿ ಬಾರದ ಪದಾರ್ಥದ ಮೇಲೆ ಕೈ ಪಳಗಿಸಿಕೊಳ್ಳುವ ಅಧಿಕಾರವು ಹೊಸಬನಿಗೆ ಯಾರಿಂದ ಬಂತು? ಹಾಗೆಂದು ಯಾರೂ ಹೊಸಬರಾಗಬಾರದೆಂದರೆ ಲೋಕದಲ್ಲಿ ಹಳಬರೇ ಇಲ್ಲದಂತಾಗುವದು.

ಮಿರಜಿನ ಉದಾಹರಣೆಯನ್ನು ನೋಡಬೇಕು. ಇಂದು ಹಿಂದುಸ್ತಾನಿ ಗವಾಯಿಗಳು ತಂಬೂರಿಗಾಗಿ ಯಾವ ಊರಿನ ಕಡೆಗೆ ಮುಖ ಮಾಡುವರೋ ಆ ಮಿರಜಿನಲ್ಲಿ ವಾದ್ಯ ಮಾಡುವವರ ಮೂಲಪುರುಷರು ಶಿಕಲಗಾರರು, ಎಂದರೆ ಕತ್ತಿ ಮೊದಲಾದ ಆಯುಧಗಳನ್ನು ಮಸೆಯುವವರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆಯುಧಗಳ ಬೇಡಿಕೆ ಕುಗ್ಗಲು, ಆ ಕುಲದ ಫರೀದಸಾಹೇಬರು ಸಂಸ್ಥಾನಕ್ಕೆ ಬರುತ್ತಿದ್ದ ಗವಾಯಿಗಳ ವಾದ್ಯಗಳನ್ನು ರಿಪೇರಿ ಮಾಡುವದಕ್ಕೆ ಕೈ ಹಾಕಿ, ಕ್ರಮೇಣ ಹೊಸವನ್ನು ಕಟ್ಟತೊಡಗಿದರೆಂದು ಹೇಳುವರು. ಅವರಿಗೆ ಬೇಕಾದ ಬುರುಡೆಗಳು ಪಂಢರಪುರ, ಮಂಗಳವೇಢೆಗಳ ಸೀಮೆಯಲ್ಲಿ, ಭೀಮೆಯ ದಂಡೆಯ ಹೊಲಗಳಲ್ಲಿ ಬೆಳೆಯುವವು. ಅದೇ ಭೀಮೆಯು ಕೆಳಗೆ ಬಂದು ನಮ್ಮ ಕಾಗಿಣೆಯನ್ನು ಕೂಡಿಸಿಕೊಳ್ಳುವಳು. ೨೦೨೪ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಸರಕಾರದ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದೆಲ್ಲವೂ ಕೀರ್ತಿಯ ಮಾತು. ನನ್ನ ಮನಸ್ಸು ಹೋಗುವದು ಬೇರೆ ಕಡೆಗೆ. ಕತ್ತಿ ಮಸೆಯುತ್ತಿದ್ದ ಕೈಗೆ ತನ್ನ ತಂಬೂರಿಯನ್ನು ಮೊಟ್ಟಮೊದಲು ಒಪ್ಪಿಸಿದ ಗವಾಯಿಯು ಯಾವ ಭರವಸೆಯ ಮೇಲೆ ಒಪ್ಪಿಸಿದನು? ಈತನಿಗೆ ಈ ವಿದ್ಯೆ ಬಾರದೆಂಬದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟನು. ಹೊಸಬನ ಅಧಿಕಾರವೆಂಬದು ಇದ್ದರೆ ಅದು ಇಂಥ ಒಪ್ಪಿಗೆಯಿಂದಲೇ ಹುಟ್ಟಬೇಕೆಂದು ನನಗೆ ತೋರುವದು. ಬಡಿಗನ ಮಾತಿಗೆ ನಾನು ಆ ದಿನ, "ತೊಲೆ ನನ್ನದು, ಕೆಟ್ಟರೆ ನನ್ನದು ಕೆಡಲಿ" ಎಂದೆನು. ಆತನು ನಕ್ಕು ಒಪ್ಪಿಕೊಂಡು, ಮೂರನೆಯ ಪಟ್ಟಿಯನ್ನು ಬಾಗಿಸುವಾಗ ತಾನೂ ಒಂದು ತುದಿ ಹಿಡಿದನು. ಅದು ಮುರಿಯಲಿಲ್ಲ.

ಹಿಂಬದಿಯ ಎರಡು ಹಲಗೆಗಳ ಜೋಡಣೆಯು ಸೊಟ್ಟಗಾದಾಗ ಹುಡುಗನು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದನು. ಮೂರನೆಯ ದಿನ ಸ್ಪೇನ್ ದೇಶದ ಕಥೆಯೊಂದನ್ನು ಹೇಳಿ ತಾನೇ ಸಮಾಧಾನಗೊಂಡನು. ಆಂಟೋನಿಯೊ ತೋರೆಸ್ (೧೮೧೭-೧೮೯೨) ಎಂಬವನು ಮೂಲತಃ ಬಡಿಗನು. ಇಂದಿನ ಗಿಟಾರಿನ ಆಕಾರವು ಅವನ ಕೈಯಲ್ಲಿಯೇ ಸ್ಥಿರಪಟ್ಟದ್ದು. ದನಿಯು ಮೇಲ್ಹಲಗೆಯಲ್ಲಿದೆಯೇ ಹೊರತು ಉಳಿದ ಒಡಲಿನಲ್ಲಿಲ್ಲವೆಂಬದನ್ನು ತೋರಿಸುವದಕ್ಕಾಗಿ ಅವನು ೧೮೬೨ರಲ್ಲಿ ಹಿಂಬದಿ ಮತ್ತು ಬದಿಗಳನ್ನು ಕಾಗದದ ರಟ್ಟಿನಿಂದ ಮಾಡಿ ಒಂದು ಗಿಟಾರು ಕಟ್ಟಿದನು. ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. "ರಟ್ಟೇ ನಡೆದಿರುವಾಗ ನನ್ನ ಸೊಟ್ಟ ಜೋಡಣೆ ನಡೆಯದೆ ಮಾಮಾ?" ಎಂದನು. ನಡೆಯುವದೆಂದೆನು. ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲವೆಂಬದು ಕುಶಲಕರ್ಮದ ಮೊದಲನೆಯ ಪಾಠವಾಗಿರಬಹುದು. ಆದರೆ ಆ ಪಾಠದಲ್ಲಿ ಒಂದು ಮೋಸವೂ ಇದೆ. ಹಗುರವಾದ ತಪ್ಪುಗಳನ್ನು ತೂಗಿ ತೂಗಿ ಕೈಯು ಭಾರವಾದದ್ದನ್ನೂ ಹಗುರವೆಂದು ಎಣಿಸತೊಡಗುವದು.

ಇನ್ನು ಮೆಟ್ಟಿಲುಗಳ ವಿಷಯ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ನಮ್ಮ ಹಳ್ಳಿಗಳಲ್ಲಿ ಹಾಡುವವರ ಏಕತಾರಿಗೆ ಮೆಟ್ಟಿಲೇ ಇಲ್ಲ. ಒಂದು ಬುರುಡೆ, ಒಂದು ಕೋಲು, ಒಂದು ತಂತಿ. ಅಲ್ಲಿ ತಪ್ಪುವದಕ್ಕೆ ಆಸ್ಪದವೇ ಇಲ್ಲ, ತಂತಿಯು ಹಾಡುವವನ ಕೊರಳನ್ನು ಕಾಯುತ್ತ ಕುಳಿತಿರುವದು. ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳುಂಟು. ಅವುಗಳನ್ನು ಎಲ್ಲಿ ಇಡಬೇಕೆಂಬದನ್ನು ವಿಜಯನಗರದ ರಾಮಾಮಾತ್ಯನು ೧೫೫೦ರಲ್ಲಿ ರಚಿಸಿದ ಸ್ವರಮೇಳಕಲಾನಿಧಿಯಲ್ಲಿ ಚರ್ಚಿಸಿದ್ದಾನೆ. ಆದರೆ ವೀಣೆಯ ಮೆಟ್ಟಿಲುಗಳು ನಿಂತಿರುವದು ಜೇನುಮೇಣಕ್ಕೆ ಕಾಡಿಗೆ ಕೂಡಿಸಿ ಮಾಡಿದ ದಿಂಡಿನಲ್ಲಿ. ಮೇಳ ಕಟ್ಟುವವನು ಕಿವಿಯಿಂದ ಕೇಳಿ, ಮೇಣವನ್ನು ಬಿಸಿ ಮಾಡಿ, ಕೂದಲೆಳೆಯಷ್ಟು ಸರಿಸಿ ಕೂಡಿಸುವನು. ತಪ್ಪಿದರೆ ಮತ್ತೆ ಸರಿಸುವನು. ನಮ್ಮ ವೈಶಾಖದ ಬಿಸಿಲಿಗೆ ಮೇಣವು ತಾನೇ ಮೆತ್ತಗಾಗಿ ಮೆಟ್ಟಿಲು ಕದಲುವದೂ ಉಂಟು.

ಗಿಟಾರಿನಲ್ಲಿ ಈ ದಯೆಯಿಲ್ಲ. ಅಲ್ಲಿ ದಂಡಿಯ ಮೇಲಣ ಹಲಗೆಯನ್ನು ಗರಗಸದಿಂದ ಸೀಳಿ, ಆ ಸೀಳಿನಲ್ಲಿ ಲೋಹದ ಮೆಟ್ಟಿಲನ್ನು ಬಡಿದು ಕೂಡಿಸುವರು. ಸ್ಥಾನವನ್ನು ನಿಶ್ಚಯಿಸುವದು ಕಿವಿಯಲ್ಲ, ಗಣಿತ. ತಂತಿಯ ಉದ್ದವು ೬೫೦ ಮಿಲಿಮೀಟರು ಆಗಿದ್ದರೆ ಅದನ್ನು ೧೭.೮೧೭ರಿಂದ ಭಾಗಿಸಲು ಮೊದಲನೆಯ ಮೆಟ್ಟಿಲಿನ ದೂರವು ಸುಮಾರು ೩೬.೫ ಬರುವದು, ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಬೇಕು, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಎಂದರೆ ತಾರಷಡ್ಜಕ್ಕೆ ಬಂದು ನಿಲ್ಲುವದು. ಖಗೋಳಜ್ಞ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿಯು ೧೫೮೧ರಲ್ಲಿ ಹೇಳಿದ ಹದಿನೆಂಟರ ಭಾಗಹಾರವು ಹಳಬರಿಗೆ ಸಾಕಾಗಿತ್ತು. ಅದರಿಂದ ಹನ್ನೆರಡನೆಯ ಮೆಟ್ಟಿಲು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಹಿಂದುಳಿಯುವದು. ನಮ್ಮ ಹುಡುಗನು ಹೊಸ ಸಂಖ್ಯೆಯನ್ನೇ ಹಿಡಿದು, ಲೆಕ್ಕವನ್ನು ಗಣಕಯಂತ್ರದಿಂದ ತೆಗೆದು, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಗರಗಸ ಹಿಡಿದನು. ಏಳನೆಯ ಮೆಟ್ಟಿಲು ಪಂಚಮದ ಸ್ಥಾನ. ಅದರ ದೂರ ೨೧೬.೨.

ತಂತಿ ಏರಿಸಿದ ಸಂಜೆ ಮನೆಯವರೆಲ್ಲರೂ ಕೂಡಿದ್ದೆವು. ಅವನು ಮೊದಲ ತಂತಿಯನ್ನು ಮೀಟಿದಾಗ ತೊಲೆಯೊಳಗಿನಿಂದ ದನಿ ಬಂದುದನ್ನು ಕಂಡು ನನ್ನ ಹೆಂಡತಿಯು ಕಣ್ಣೊರಸಿಕೊಂಡಳು. ಆ ತೊಲೆಗೆ ತೊಟ್ಟಿಲು ಕಟ್ಟಿ ಅವಳು ನಮ್ಮ ಇಬ್ಬರು ಮಕ್ಕಳನ್ನು ತೂಗಿದ್ದಳು. ನಾನು ನನ್ನ ಶ್ರುತಿಪೆಟ್ಟಿಗೆಯನ್ನು ಹಚ್ಚಿ ಒಂದೊಂದೇ ಸ್ವರವನ್ನು ಕೇಳುತ್ತ ಹೋದೆನು. ಪಂಚಮಕ್ಕೆ ಬಂದಾಗ ಕಿವಿಯಲ್ಲಿ ಮುಳ್ಳಾಡಿದಂತಾಯಿತು. "ಪಂಚಮ ಕುಸಿದದಲ್ಲೋ" ಎಂದೆನು. ಅವನು ಚೀಟಿಯನ್ನು ತೆಗೆದು ನೋಡಿ, ಅಳತೆಪಟ್ಟಿ ಇಟ್ಟು ನೋಡಿ, ಬಹಳ ಹೊತ್ತು ಸುಮ್ಮನಿದ್ದು ಹೇಳಿದನು: "ನನ್ನ ಅಕ್ಷರಾನ ನನಗ ಮೋಸ ಮಾಡ್ತು ಮಾಮಾ. ಆರನ್ನ ನಾಲ್ಕು ಅಂತ ಓದೀನಿ." ೨೧೬.೨ ಇದ್ದದ್ದು ೨೧೪.೨ ಆಗಿ ಸೀಳು ಬಿದ್ದಿತ್ತು. ಆರು ನಾಲ್ಕಾಯಿತೆಂಬ ಮಾತನ್ನು ಕೇಳಿ ನನ್ನ ಎದೆಯು ಧಸಕ್ಕೆಂದಿತು. ಕಾರಣವನ್ನು ಮುಂದೆ ಹೇಳುವೆನು.

ಇಷ್ಟರಲ್ಲಿ ಆ ವಾದ್ಯಕ್ಕೆ ಒಡೆಯರು ಹುಟ್ಟಿಕೊಂಡಿದ್ದರು. ವಾಡಿಯ ರೈಲ್ವೆ ನೌಕರರೊಬ್ಬರು ನಮ್ಮ ಪರಿಚಿತರು; ಅವರ ಮಗಳು ಮೊಬೈಲಿನಲ್ಲಿ ನೋಡಿ ನೋಡಿ ಗಿಟಾರು ಕಲಿಯುವಳು. ನಮ್ಮ ತಾಲೂಕಿನಲ್ಲಿಯೇ ಕೈಯಿಂದ ಮಾಡಿದ್ದು ಎಂಬ ಅಭಿಮಾನದಿಂದ ಅವರು ಹನ್ನೆರಡು ಸಾವಿರಕ್ಕೆ ಮಾತಾಡಿ, ಎರಡು ಸಾವಿರ ಮುಂಗಡವನ್ನೂ ಕೊಟ್ಟು ಹೋಗಿದ್ದರು. ಹುಡುಗನು ಅದನ್ನು ಆಸೆಯಿಂದ ತೆಗೆದುಕೊಂಡವನಲ್ಲ, ಅಭಿಮಾನದಿಂದ ತೆಗೆದುಕೊಂಡವನು. ಅಭಿಮಾನದ ಸಾಲವನ್ನು ತೀರಿಸುವದು ಹೆಚ್ಚು ಕಠಿಣ.

ಅಂದು ರಾತ್ರಿ ಅಂಗಳದಲ್ಲಿ ಮಂಚ ಹಾಕಿಕೊಂಡು ನಾವಿಬ್ಬರೂ ವಾದಕ್ಕೆ ಕುಳಿತೆವು. ಅವನ ಪಕ್ಷವು ಬಲವಾಗಿತ್ತು. ಸ್ಥಾಯಿಯೊಂದನ್ನು ೧೨೦೦ ಸೆಂಟುಗಳಾಗಿ ಭಾಗಿಸುವ ಆಧುನಿಕರ ಲೆಕ್ಕದಲ್ಲಿ ಅವನ ತಪ್ಪು ಎಂಟು ಸೆಂಟು, ನಮ್ಮ ಪ್ರಮಾಣಶ್ರುತಿಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಹಾಗಿದ್ದರೆ ತಪ್ಪಿಲ್ಲದ ಗಿಟಾರು ಎಷ್ಟು ಶುದ್ಧ? ಅದರ ಹನ್ನೆರಡು ಸಮಭಾಗಗಳಲ್ಲಿ ಪಂಚಮವು ಶುದ್ಧಪಂಚಮಕ್ಕಿಂತ ಎರಡು ಸೆಂಟು ಕೆಳಗಿದೆ. ಅಂತರಗಾಂಧಾರವಂತೂ ಹದಿನಾಲ್ಕು ಸೆಂಟು ಮೇಲಿದೆ. "ಜಗತ್ತಿನ ಎಲ್ಲಾ ಗಿಟಾರಿನ ಗಾಂಧಾರ ಹದಿನಾಲ್ಕು ತಪ್ಪಿ ನಿಂತದ, ಯಾರೂ ತಪ್ಪು ಅನ್ನಂಗಿಲ್ಲ. ನಂದು ಎಂಟು ತಪ್ಪಿದ್ರ ನಾ ಕಳ್ಳ ಹ್ಯಾಂಗಾಗ್ತೀನಿ ಮಾಮಾ?"

ನಾನು ಊರ ಸೇರಿನ ದೃಷ್ಟಾಂತವನ್ನು ಕೊಟ್ಟೆನು. ಒಂದು ಪೇಟೆಯ ಸೇರು ಇನ್ನೊಂದು ಪೇಟೆಯ ಸೇರಿಗಿಂತ ಸಣ್ಣದಾಗಿರಬಹುದು. ಪೇಟೆಯಲ್ಲೆಲ್ಲ ಅದೇ ನಡೆಯುವದರಿಂದ ಧಾರಣೆಯು ಅದಕ್ಕೆ ತಕ್ಕಂತೆ ನಿಲ್ಲುವದು, ಯಾರಿಗೂ ಹಾನಿಯಿಲ್ಲ. ಆದರೆ ಒಬ್ಬ ಅಂಗಡಿಯವನ ಸೇರು ಮಾತ್ರ ಬೆರಳಷ್ಟು ಸಣ್ಣದಾದರೆ ಅದು ಕಳವು. ಗಿಟಾರಿನ ಗಾಂಧಾರದ ಕೊರತೆಯನ್ನು ಹನ್ನೆರಡು ಸ್ವರಗಳೂ ಹಂಚಿಕೊಂಡಿವೆ. ಯಾವ ಸ್ವರವನ್ನು ಷಡ್ಜವಾಗಿ ಹಿಡಿದರೂ ನುಡಿಸಲು ಬರಲೆಂದು ಮಾಡಿಕೊಂಡ ಸಮಯವದು, ಒಪ್ಪಂದವದು. ನಿನ್ನ ಏಳನೆಯ ಮೆಟ್ಟಿಲಿಗೆ ಯಾರ ಒಪ್ಪಂದವಿದೆ? ಈ ಉತ್ತರವು ನನಗೆ ಪೂರ್ತಿ ಸಮಾಧಾನ ಕೊಟ್ಟಿಲ್ಲವೆಂದು ಒಪ್ಪಿಕೊಳ್ಳಬೇಕು. ವಾಡಿಯ ಆ ಗೃಹಸ್ಥರು ಯಾವ ಒಪ್ಪಂದಕ್ಕೂ ಬಂದವರಲ್ಲ, ಗಾಂಧಾರದ ಕಥೆಯನ್ನು ಅವರಿಗೆ ಯಾರೂ ಹೇಳಿಲ್ಲ.

ಹುಡುಗನು ಇನ್ನೊಂದು ಬಾಣವನ್ನು ತೆಗೆದನು. ಆ ತಂದೆಗೆ ಎಂಟು ಸೆಂಟು ಕೇಳುವದಿಲ್ಲ, ಮಗಳಿಗೂ ಇನ್ನೂ ಕೇಳುವದಿಲ್ಲ. ಕೇಳಿಸದೆ ಇದ್ದ ದೋಷವನ್ನು ಹೇಳಿ ಅವಳ ಕಿವಿಯಲ್ಲಿ ಹುಳ ಬಿಡುವದು ಯಾವ ಧರ್ಮ? ಅವಳ ಸಂತೋಷವನ್ನು ಕೆಡಿಸಿ ನನ್ನ ಅಂತಃಕರಣವನ್ನು ಹಗುರ ಮಾಡಿಕೊಳ್ಳುವದು ಸ್ವಾರ್ಥವಲ್ಲವೆ? ಈ ಪ್ರಶ್ನೆಗೆ ಬೇರೆ ಯಾವದೇ ಸಂದರ್ಭದಲ್ಲಿ ನಾನು ಸೋಲುತ್ತಿದ್ದೆನು. ಬಲ್ಲ ವಾದಕನ ಕೈಗೆ ಹೋಗುವ ವಾದ್ಯವಾಗಿದ್ದರೆ ಅವನ ಬೆರಳು ತಾನೇ ತಂತಿಯನ್ನು ತುಸು ಎಳೆದು ಪಂಚಮವನ್ನು ಎತ್ತಿಕೊಳ್ಳುತ್ತಿತ್ತು. ದೋಷವು ದೋಷವಾಗಿಯೇ ಉಳಿಯುತ್ತಿತ್ತು. ಕಲಿಯುವ ಹುಡುಗಿಯ ಕೈಯಲ್ಲಿ ಹಾಗಾಗುವದಿಲ್ಲ. ಅವಳು ಪಂಚಮವೆಂದರೆ ಏನೆಂಬದನ್ನು ಆ ಏಳನೆಯ ಮೆಟ್ಟಿಲಿನಿಂದಲೇ ತಿಳಿಯುವಳು. ಕುಸಿದ ಪಂಚಮವೇ ಅವಳಿಗೆ ಪಂಚಮವಾಗುವದು. ಮುಂದೆ ಎಂದಾದರೂ ಸರಿಯಾದದ್ದನ್ನು ಕೇಳಿದರೆ ಅದೇ ತಪ್ಪೆಂದು ತೋರುವದು. ಕಲಿಯುವವನ ಉಪಕರಣದಲ್ಲಿರುವ ದೋಷವು ದೋಷವಾಗಿ ನಿಲ್ಲದೆ ಪ್ರಮಾಣವಾಗಿ ಬಿಡುವದು. ನಾನು ಇದನ್ನು ಹೇಳಿದಾಗ ಹುಡುಗನು ಉತ್ತರ ಕೊಡಲಿಲ್ಲ, ನನಗೂ ಆ ರಾತ್ರಿ ನಿದ್ರೆ ಬರಲಿಲ್ಲ.

ಬೆಳಿಗ್ಗೆ ಎದ್ದು ಯಾಜ್ಞವಲ್ಕ್ಯಸ್ಮೃತಿಯನ್ನು ಮಿತಾಕ್ಷರಾಸಹಿತ ತೆರೆದೆನು. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದವನು. ಶಹಾಬಾದಿನ ಸಮೀಪದ ಮರತೂರಿನವನೆಂದು ನಮ್ಮ ಭಾಗದವರ ಹೆಮ್ಮೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ದೋಷವುಳ್ಳ ಸರಕನ್ನು ದೋಷವಿಲ್ಲದ್ದೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ವಿಧಿಸಿದೆ. ಅದೇ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ, ವೀಣಾವಾದನದ ತತ್ತ್ವವನ್ನೂ ಶ್ರುತಿತಾಳಗಳನ್ನೂ ಬಲ್ಲವನು ಹೆಚ್ಚಿನ ಶ್ರಮವಿಲ್ಲದೆ ಮೋಕ್ಷಮಾರ್ಗವನ್ನು ಹಿಡಿಯುವನೆಂಬ ಮಾತಿದೆ. ಮಾರುವವನಿಗೆ ದಂಡ, ನುಡಿಸುವವನಿಗೆ ಮೋಕ್ಷ. ಇವೆರಡರ ನಡುವೆ ಉಳಿ ಹಿಡಿದು ಕುಳಿತವನ ಗತಿಯೇನೆಂದು ಹುಡುಕಿದೆನು. ಆ ಶ್ಲೋಕಗಳ ಆಸುಪಾಸಿನಲ್ಲಿ ಅವನಿಲ್ಲ. ಆದರೆ ಮಾರಾಟದ ವಿಧಿಯಿಂದ ನಾನು ಒಂದನ್ನು ಗ್ರಹಿಸಿದೆನು. ಅಲ್ಲಿ ದೋಷವನ್ನು ಮಾಡಿದ್ದಕ್ಕೆ ದಂಡವಿಲ್ಲ. ಅದಿಲ್ಲದಂತೆ ತೋರಿಸಿದ್ದಕ್ಕೆ ದಂಡ. ಚೀಟಿಯ ಆರನ್ನು ನಾಲ್ಕೆಂದು ಓದಿದ ಗಳಿಗೆಯಲ್ಲಿ ಹುಡುಗನು ನಿರಪರಾಧಿ. ಅಳತೆಪಟ್ಟಿ ಇಟ್ಟು ನೋಡಿದ ಗಳಿಗೆಯಿಂದ ಅವನ ಲೆಕ್ಕವು ಬರೆಯಲ್ಪಡುತ್ತಿದೆ.

ಹೀಗೆ ಅವನಿಗೆ ಹೇಳಬೇಕೆಂದು ಪಡಸಾಲೆಗೆ ಬಂದವನು ಹೇಳಲಾರದೆ ನಿಂತೆನು. ಈಗ ನನ್ನ ಆರು ನಾಲ್ಕರ ಕಥೆ.

ನಾನು ಮಾಸ್ತರಿಕೆಗೆ ಸೇರಿದ ಮೊದಲ ಮೂರು ವರ್ಷ ಮೇಲಿನ ವರ್ಗಗಳಿಗೆ ಮೇಘದೂತದ ಕೆಲವು ಶ್ಲೋಕಗಳನ್ನು ಹೇಳಿಕೊಡುತ್ತಿದ್ದೆನು. ಮೇಘದೂತವು ಮಂದಾಕ್ರಾಂತಾ ವೃತ್ತದಲ್ಲಿದೆ. ಪಾದಕ್ಕೆ ಹದಿನೇಳು ಅಕ್ಷರ. ಯತಿಯು ನಾಲ್ಕು, ಆರು, ಏಳರಂತೆ. ಹರಿಣೀ ಎಂಬ ಇನ್ನೊಂದು ವೃತ್ತಕ್ಕೂ ಹದಿನೇಳೇ ಅಕ್ಷರ. ಅದರ ಯತಿಯು ಆರು, ನಾಲ್ಕು, ಏಳು. ನಾನು ಮೂರು ವರ್ಷ ಹಲಗೆಯ ಮೇಲೆ ಮಂದಾಕ್ರಾಂತೆಗೆ ೬, ೪, ೭ ಎಂದು ಬರೆದೆನು. ಪಾಠಶಾಲೆಯಲ್ಲಿ ಓದಿದವನು ಇಂಥ ತಪ್ಪನ್ನು ಮಾಡಬಹುದೆ ಎಂದು ಬಲ್ಲವರು ನಗಬಹುದು, ನಗಲಿ. ಶ್ಲೋಕವನ್ನು ಬಾಯಿಯು ಸರಿಯಾದಲ್ಲಿಯೇ ನಿಲ್ಲಿಸಿ ಹೇಳುತ್ತಿತ್ತು, ಅದು ಗುರುಗಳ ಮುಂದೆ ಕುಳಿತು ಬಂದದ್ದು. ಕೈಯು ಅಂಕೆಗಳನ್ನು ಅದಲು ಬದಲು ಬರೆಯುತ್ತಿತ್ತು, ಅದು ಅವಸರದಲ್ಲಿ ನಾನೇ ಟಿಪ್ಪಣಿ ಮಾಡಿಕೊಂಡದ್ದು. ನಾಲ್ಕನೆಯ ವರ್ಷ ಒಂದು ಮಧ್ಯಾಹ್ನ ನನ್ನ ತಪ್ಪು ನನಗೆ ಕಂಡಿತು. ಆ ವರ್ಷದ ಹುಡುಗರಿಗೆ ಸರಿಯಾಗಿ ಬರೆಸಿದೆನು. ಹಿಂದಿನ ಮೂರು ವರ್ಷದವರಿಗೆ ಯಾರಿಗೂ ಹೇಳಲಿಲ್ಲ. ಹೊಸ ಮಾಸ್ತರನೆಂಬ ಭಯ, ಊರಲ್ಲಿ ಹಗುರಾಗುವೆನೆಂಬ ಭಯ. ಸೀಳನ್ನು ಕಟ್ಟಿಗೆಯ ಪುಡಿಯಿಂದ ಮುಚ್ಚಿ ಮೇಲೆ ಕಾಡಿಗೆ ಹಚ್ಚಿದಂತೆ ಮುಚ್ಚಿದೆನು.

ಕೆಲವು ವರ್ಷಗಳ ಹಿಂದೆ ಆ ಮೊದಲ ವರ್ಗದ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಅವನೂ ಚಿಂಚೋಳಿಯ ಕಡೆ ಸಂಸ್ಕೃತ ಕಲಿಸುವ ಅಧ್ಯಾಪಕ. ಅವನಿಗೂ ನಿವೃತ್ತಿ ಸಮೀಪಿಸಿದೆ. ಹಣ್ಣು ಹೂವಿನೊಂದಿಗೆ ತನ್ನ ಹಳೆಯ ನೋಟುಪುಸ್ತಕವನ್ನು ತಂದು, ಪುಟ ತೆರೆದು, "ಗುರುಗಳೇ, ತಾವು ಬರೆಸಿದ್ದನ್ನೇ ನಾನು ಇಂದಿಗೂ ಬರೆಸುತ್ತೇನೆ" ಎಂದು ತೋರಿಸಿದನು. ದುಂಡಾದ ಅಕ್ಷರದಲ್ಲಿ ೬, ೪, ೭ ಎಂದಿತ್ತು. ನಾನು ನೋಡಿದೆನು. ಅಕ್ಷರ ಚೆನ್ನಾಗಿದೆಯೆಂದು ಹೇಳಿದೆನು. ಚಹಾ ಕುಡಿಸಿ ಕಳಿಸಿದೆನು.

ಇದನ್ನು ಹುಡುಗನಿಗೆ ಆ ಬೆಳಿಗ್ಗೆ ಹೇಳಿದೆನು. ಅವನು ನನಗೆ ಸಮಾಧಾನ ಹೇಳಲಿಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಗೌರವ ಹುಟ್ಟಿತು. ಇಕ್ಕಳದಿಂದ ಏಳನೆಯ ಮೆಟ್ಟಿಲನ್ನು ಕಿತ್ತನು. ದಂಡಿಯ ಮೇಲಣ ಹಲಗೆಯು ಕರಿ ಶೀಸಮ್ಮಿನದು. ಅದೇ ಮರದ ಪುಡಿಯನ್ನು ಸರೇಸಿನಲ್ಲಿ ಕಲಸಿ ತುಂಬಿದ್ದರೆ ಹಳೆಯ ಸೀಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವನು ಹಾಗೆ ಮಾಡದೆ ತೊಲೆಯ ಸಾಗವಾನಿಯಿಂದ ದಾರದಷ್ಟು ತೆಳುವಾದ ಎಸಳನ್ನು ಕೆತ್ತಿ ಅದರಲ್ಲಿ ಕೂಡಿಸಿದನು. ಎರಡು ಮಿಲಿಮೀಟರು ಆಚೆಗೆ ಹೊಸ ಸೀಳು ಹಾಕಿ ಮೆಟ್ಟಿಲನ್ನು ಬಡಿದನು. ಪಂಚಮ ಎದ್ದು ನಿಂತಿತು. ಅದರ ಪಕ್ಕದಲ್ಲಿ ಕಪ್ಪಿನ ಮೇಲೆ ಹಳದಿಯ ಗೆರೆಯೊಂದು ಉಳಿಯಿತು.

ವಾಡಿಯ ಗೃಹಸ್ಥರು ಮಗಳೊಡನೆ ಬಂದಾಗ ಅವನು ಎಲ್ಲವನ್ನೂ ಹೇಳಿದನು. ಹಿಂಬದಿಯ ಸೊಟ್ಟ ಜೋಡಣೆ, ಏಳನೆಯ ಮೆಟ್ಟಿಲಿನ ಕಥೆ, ಎಲ್ಲ ಗಿಟಾರುಗಳ ಗಾಂಧಾರದ ಕಥೆ ಕೂಡ. ಕೊನೆಯದು ತಂದೆಗೆ ತಿಳಿಯಲಿಲ್ಲ. ಇಷ್ಟು ಹೇಳಿದ ಮೇಲೆ ಇದರಲ್ಲಿ ಇನ್ನೇನೋ ದೊಡ್ಡ ದೋಷವಿರಬೇಕೆಂದು ಅವರಿಗೆ ಸಂಶಯ ಬಂದಿತು. ಸತ್ಯ ಹೇಳಿದವನಿಗೆ ಇಂಥ ಬಹುಮಾನವೂ ಉಂಟು. ಹತ್ತು ಸಾವಿರಕ್ಕೆ ಇಳಿಸಿರೆಂದರು, ಹುಡುಗನು ಒಪ್ಪಿದನು. ಮಗಳು ಈ ವ್ಯವಹಾರದ ಕಡೆಗೆ ಲಕ್ಷ್ಯವಿಲ್ಲದೆ ಆ ಹಳದಿಯ ಗೆರೆಯ ಮೇಲೆ ಬೆರಳಾಡಿಸುತ್ತ, "ಇಲ್ಲಿ ಒತ್ತಿದ್ರ ಮೊದಲು ಹ್ಯಾಂಗ ಕೇಳ್ತಿತ್ತು?" ಎಂದು ಕೇಳಿದಳು. ಹುಡುಗನು ತಂತಿಯನ್ನು ಒಂದು ಎಳೆ ಸಡಲಿಸಿ ಕೇಳಿಸಿ, ಮತ್ತೆ ಬಿಗಿದು ಕೇಳಿಸಿದನು. ಅವಳಿಗೆ ಭೇದವು ತಿಳಿಯಿತೊ ಇಲ್ಲವೊ. ಎರಡು ಸಲ ಕೇಳಿಸಿಕೊಂಡಳು.

ಆ ವಾರವೇ ನಾನು ಚಿಂಚೋಳಿಯ ಅಧ್ಯಾಪಕನಿಗೆ ಪತ್ರ ಬರೆದೆನು. ತಪ್ಪು ನನ್ನದು, ಮೊದಲ ಮೂರು ವರ್ಷ ಅರಿಯದೆ ಮಾಡಿದ್ದು, ಆಮೇಲಿನದು ಅರಿತು ಮುಚ್ಚಿದ್ದು, ಅವನು ನೋಟುಪುಸ್ತಕ ತೋರಿಸಿದ ದಿನವೂ ಮುಚ್ಚಿದ್ದು ಎಂದು ಬರೆದೆನು. ಹದಿನೈದು ದಿನಕ್ಕೆ ಉತ್ತರ ಬಂತು. ಮೊದಲು ಕ್ಷೇಮಸಮಾಚಾರ, ಆಮೇಲೆ, ಹಲಗೆಯ ಮೇಲಿನದನ್ನು ಮರುದಿನವೇ ತಿದ್ದಿ ಬರೆಸಿರುವದಾಗಿಯೂ, ಗುರುಗಳ ತಪ್ಪೆಂದು ಹೇಳದೆ ತನ್ನ ತಪ್ಪೆಂದು ಮಕ್ಕಳಿಗೆ ಹೇಳಿರುವದಾಗಿಯೂ ಬರೆದಿದ್ದನು. ಕೊನೆಗೆ ಒಂದು ಪ್ರಶ್ನೆ: ಮೂವತ್ತು ವರ್ಷದಿಂದ ತನ್ನ ಕೈಯಿಂದ ದಾಟಿಹೋದ ಮಕ್ಕಳು ಈಗ ಕಲಬುರಗಿ, ಹೈದರಾಬಾದು, ಪುಣೆಗಳಲ್ಲಿ ಚದುರಿದ್ದಾರೆ, ಇಬ್ಬರು ತಾವೂ ಅಧ್ಯಾಪಕರಾಗಿದ್ದಾರೆ, ಅವರಿಗೆ ತಾನು ಹೇಳಬೇಕೆ, ಅಥವಾ ಅದನ್ನೂ ಗುರುಗಳೇ ಹೇಳುವರೆ?

ಆ ಪತ್ರವು ಇದನ್ನು ಬರೆಯುವಾಗ ನನ್ನ ಮುಂದೆಯೇ ಫರಸಿಯ ತುಂಡಿನ ಕೆಳಗೆ ಇದೆ. ಉತ್ತರವನ್ನು ಎರಡು ಸಲ ಬರೆದು ಹರಿದಿದ್ದೇನೆ. ಆ ಇಬ್ಬರ ವಿಳಾಸಗಳನ್ನು ಕಳಿಸೆಂದು ನಿನ್ನೆ ಒಂದು ಕಾರ್ಡು ಹಾಕಿದ್ದೇನೆ.